ಝಯಾನ್ ಕಣಿವೆಗೆ ಹೊರಡುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಯೂಟಾ ರಾಜ್ಯದ ನೈಋತ್ಯ ಮೂಲೆಯಲ್ಲಿರುವ ಝಯಾನ್ ರಾಷ್ಟ್ರೀಯ ಉದ್ಯಾನ ಮರುಭೂಮಿಯ ನಡುವೆ ವರ್ಜಿನ್ ನದಿ ಕೊರೆದ ಕೆಂಪು ಕಣಿವೆ. ಇಲ್ಲಿ ಪ್ರವಾಸ ಕೆಡುವುದು ಹೆಚ್ಚಾಗಿ ನೀರಿನಿಂದ. ಕುಡಿಯಲು ಸಾಲದೆ ಒಮ್ಮೆ, ಕಮರಿಯೊಳಗೆ ದಿಢೀರನೆ ಏರಿ ಇನ್ನೊಮ್ಮೆ. ಎರಡನೆಯ ಕಾರಣ ಗಡಿಯಾರ: ಒಂಬತ್ತು ಗಂಟೆಗೆ ಬಂದರಾಯಿತು ಅಂದುಕೊಂಡವರು ಪಾರ್ಕಿಂಗ್ ಹುಡುಕುತ್ತಲೇ ಅರ್ಧ ದಿನ ಕಳೆಯುತ್ತಾರೆ. ಕೆಳಗಿನ ಉತ್ತರಗಳಲ್ಲಿ ಬಹುಪಾಲು ಸುತ್ತುವುದು ಈ ಎರಡರ ಸುತ್ತಲೇ.

ಯಾವ ಊರಿನಿಂದ ಹೋಗುವುದು ಸುಲಭ?

ಲಾಸ್ ವೇಗಸ್‌ನಿಂದ. ಸುಮಾರು 160 ಮೈಲಿ, ಅಂದರೆ 260 ಕಿ.ಮೀ.; ಕಾರಿನಲ್ಲಿ ಎರಡೂವರೆಯಿಂದ ಮೂರು ಗಂಟೆ. ಸಾಲ್ಟ್ ಲೇಕ್ ಸಿಟಿಯಿಂದ ಸುಮಾರು 310 ಮೈಲಿ, ಐದು ಗಂಟೆಯ ಹತ್ತಿರ. ಉದ್ಯಾನದ ದಕ್ಷಿಣ ಬಾಗಿಲಿಗೆ ಅಂಟಿಕೊಂಡೇ ಸ್ಪ್ರಿಂಗ್‌ಡೇಲ್ ಎಂಬ ಸಣ್ಣ ಊರಿದೆ. ಹೋಟೆಲ್, ಊಟ, ಸಲಕರಣೆ ಬಾಡಿಗೆ ಎಲ್ಲ ಅಲ್ಲೇ.

ವೇಗಸ್‌ನಿಂದ ಬರುವವರು ಮರೆಯುವ ಸಂಗತಿ ಒಂದಿದೆ. ನೆವಾಡಾದಿಂದ ಯೂಟಾಕ್ಕೆ ದಾಟಿದರೆ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಬೆಳಗ್ಗೆ ಐದಕ್ಕೆ ಹೊರಟು ಎಂಟಕ್ಕೆ ತಲುಪಿದೆವು ಅಂದುಕೊಂಡರೆ ಅಲ್ಲಿ ಆಗಲೇ ಒಂಬತ್ತು. ಪರ್ಮಿಟ್‌ನಲ್ಲಿ ವೇಳೆ ನಮೂದಾಗಿದ್ದರೆ ಈ ಒಂದು ಗಂಟೆ ದುಬಾರಿ. ಅರಿಜೋನಾ ಕಡೆಯಿಂದ ಬರುವವರಿಗೆ ಗೊಂದಲ ಇನ್ನೊಂದು ಬಗೆಯದು: ಆ ರಾಜ್ಯದ ಬಹುಭಾಗದಲ್ಲಿ ಬೇಸಿಗೆಗೆ ಗಡಿಯಾರ ಬದಲಿಸುವ ಪದ್ಧತಿಯಿಲ್ಲ. ಹಾಗಾಗಿ ಮಾರ್ಚ್‌ನಿಂದ ನವೆಂಬರ್ ತನಕ ಯೂಟಾ ಅಲ್ಲಿಗಿಂತ ಒಂದು ಗಂಟೆ ಮುಂದಿರುತ್ತದೆ, ಚಳಿಗಾಲದಲ್ಲಿ ಎರಡೂ ಒಂದೇ.

ಮ್ಯಾಪ್‌ನಲ್ಲಿ ಝಯಾನ್ ಅಂತ ಎರಡು ಮೂರು ಕಡೆ ತೋರಿಸುತ್ತದೆ. ಯಾವುದಕ್ಕೆ ಹೋಗಬೇಕು?

ಫೋಟೋಗಳಲ್ಲಿ ಕಾಣುವುದು, ಬಸ್ ಓಡುವುದು ಝಯಾನ್ ಕಣಿವೆಯಲ್ಲಿ. ಅದಕ್ಕೆ ಮ್ಯಾಪ್‌ನಲ್ಲಿ ಝಯಾನ್ ವಿಸಿಟರ್ ಸೆಂಟರ್ ಎಂದು ಹಾಕಿ. ಕೋಲಬ್ ಕ್ಯಾನಿಯನ್ಸ್ ಉದ್ಯಾನದ ವಾಯವ್ಯ ತುಂಡು. ಇಂಟರ್‌ಸ್ಟೇಟ್ 15ರ 40ನೇ ಎಕ್ಸಿಟ್‌ನಲ್ಲಿ ಅದಕ್ಕೆ ಬೇರೆಯೇ ಬಾಗಿಲು. ಮುಖ್ಯ ಕಣಿವೆಯಿಂದ ಅಲ್ಲಿಗೆ ರಸ್ತೆಯಲ್ಲಿ 40 ಮೈಲಿ; ಒಳಗಿಂದ ಒಳಗೇ ಕಾರು ಹೋಗುವ ದಾರಿಯಿಲ್ಲ. ಐದು ಮೈಲಿಯ ರಸ್ತೆ, ಅದರ ತುದಿಯಲ್ಲಿ ಒಂದು ಮೈಲಿಯ ಟಿಂಬರ್ ಕ್ರೀಕ್ ನೋಟದ ದಾರಿ, ಜನಸಂದಣಿ ಕಮ್ಮಿ. ಎರಡು ಗಂಟೆ ಬಿಡುವಿದ್ದು ವಾಪಸು ಹೈವೇ ಹಿಡಿಯುವವರಿಗೆ ಅದು ಒಳ್ಳೆಯ ತಂಗುದಾಣ. ಝಯಾನ್ ನೋಡಿದೆ ಅನ್ನಲು ಅದೊಂದೇ ಸಾಲದು.

ಯಾವ ತಿಂಗಳು ಒಳ್ಳೆಯದು?

ಅಕ್ಟೋಬರ್‌ನಿಂದ ನವೆಂಬರ್ ಮೊದಲ ವಾರದವರೆಗೆ. ಬಿಸಿಲು ಇಳಿದಿರುತ್ತದೆ, ಮಳೆಯ ಅಬ್ಬರ ಮುಗಿದಿರುತ್ತದೆ, ನದಿ ತಗ್ಗಿರುತ್ತದೆ. ಕಾಟನ್‌ವುಡ್ ಮರಗಳು ಹಳದಿಯಾಗುವುದೂ ಆಗಲೇ.

ಏಪ್ರಿಲ್, ಮೇ ಹವೆಗೆ ಚೆನ್ನ, ಆದರೆ ಮೇಲಿನ ಪ್ರಸ್ಥಭೂಮಿಯ ಹಿಮ ಕರಗಿ ನದಿ ತುಂಬುತ್ತದೆ. ನದಿಯೊಳಗೇ ನಡೆಯುವ ನ್ಯಾರೋಸ್ ಕಮರಿಗೆ ಹೋಗಬೇಕೆಂಬ ಒಂದೇ ಆಸೆಯಿಂದ ಬರುವುದಾದರೆ ಈ ಎರಡು ತಿಂಗಳು ಬಿಡಿ. ಹಿಮ ಹೆಚ್ಚು ಬಿದ್ದ ವರ್ಷಗಳಲ್ಲಿ ವಾರಗಟ್ಟಲೆ ಮುಚ್ಚಿರುತ್ತದೆ. ಜೂನ್ ಒಣ ಸೆಕೆ. ಜುಲೈ ನಡುವಿನಿಂದ ಸೆಪ್ಟೆಂಬರ್ ತನಕ ಮಾನ್ಸೂನ್: ಮಧ್ಯಾಹ್ನದ ಗುಡುಗು ಮಳೆ, ದಿಢೀರ್ ಪ್ರವಾಹ. ಬೇಸಿಗೆಯಲ್ಲಿ ಕಣಿವೆಯ ತಳದಲ್ಲಿ 38 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು.

ಚಳಿಗಾಲವನ್ನು ಜನ ಕಡೆಗಣಿಸುತ್ತಾರೆ. ಡಿಸೆಂಬರ್ ಕೊನೆಯ ರಜೆಯ ದಿನಗಳು ಬಿಟ್ಟರೆ ಷಟಲ್ ಬಸ್ ನಿಂತಿರುತ್ತದೆ, ಸ್ವಂತ ಕಾರಿನಲ್ಲೇ ಕಣಿವೆಯೊಳಗೆ ಹೋಗಬಹುದು. ಆದರೆ ನೆರಳಿನ ದಾರಿಗಳಲ್ಲಿ ಮಂಜುಗಡ್ಡೆ ಹಲವು ದಿನ ಕರಗದು. ಶೂಗೆ ಸಿಕ್ಕಿಸುವ ಮೊಳೆಪಟ್ಟಿ, ಅಂಗಡಿಯವರು ಮೈಕ್ರೋಸ್ಪೈಕ್ಸ್ ಅನ್ನುವುದು, ಇಲ್ಲದೆ ಕಡಿದಾದ ದಾರಿ ಹತ್ತಬೇಡಿ.

ಪ್ರವೇಶ ಶುಲ್ಕ ಎಷ್ಟು?

ಕಾರಿಗೆ 35 ಡಾಲರ್, ಮೋಟಾರ್‌ಸೈಕಲ್‌ಗೆ 30, ನಡೆದು ಅಥವಾ ಸೈಕಲ್‌ನಲ್ಲಿ ಬಂದರೆ ತಲೆಗೆ 20. ಏಳು ದಿನ ನಡೆಯುತ್ತದೆ. ಇದರ ಮೇಲೆ 2026ರ ಜನವರಿ 1ರಿಂದ ಹೊಸ ನಿಯಮವೊಂದು ಬಂದಿದೆ: ಅಮೆರಿಕದ ನಿವಾಸಿಗಳಲ್ಲದ, 16 ವರ್ಷ ಮೇಲ್ಪಟ್ಟ ಪ್ರತಿಯೊಬ್ಬರೂ ದೇಶದ 11 ದೊಡ್ಡ ಉದ್ಯಾನಗಳಲ್ಲಿ ತಲಾ 100 ಡಾಲರ್ ಹೆಚ್ಚುವರಿ ಕೊಡಬೇಕು. ಆ ಪಟ್ಟಿಯಲ್ಲಿ ಝಯಾನ್ ಇದೆ. ಪಕ್ಕದ ಬ್ರೈಸ್ ಕ್ಯಾನಿಯನ್, ಗ್ರ್ಯಾಂಡ್ ಕ್ಯಾನಿಯನ್ ಕೂಡ ಇವೆ. ಅನಿವಾಸಿಗಳ ವಾರ್ಷಿಕ ಪಾಸ್ 250 ಡಾಲರ್, ನಿವಾಸಿಗಳದ್ದು 80. ಲೆಕ್ಕ ಹಾಕಿ: ಹೊರದೇಶದಿಂದ ಬಂದ ಇಬ್ಬರು ಝಯಾನ್ ಒಂದನ್ನೇ ನೋಡುವುದಾದರೆ 235 ಡಾಲರ್. ಬ್ರೈಸ್ ಸೇರಿಸಿದ ಕೂಡಲೇ ವಾರ್ಷಿಕ ಪಾಸ್ ಅಗ್ಗ. ಅಮೆರಿಕದಲ್ಲೇ ನೆಲೆಸಿರುವ ಮಗ ಮಗಳ ಮನೆಗೆ ಬಂದ ತಂದೆತಾಯಿ ಜೊತೆಗಿದ್ದರೆ ಯಾರ ಪಾಸ್ ತೋರಿಸುತ್ತೀರಿ, ಯಾರ ಗುರುತಿನ ಚೀಟಿ ಕೈಯಲ್ಲಿದೆ ಎಂದು ಗೇಟಿಗೆ ಬರುವ ಮೊದಲೇ ತೀರ್ಮಾನಿಸಿ.

ಕಾರಿದೆ. ಬಸ್ ಯಾಕೆ ಹತ್ತಬೇಕು?

ಬಸ್ ಓಡುವ ಕಾಲದಲ್ಲಿ ಕಣಿವೆಯ ಸೀನಿಕ್ ಡ್ರೈವ್ ರಸ್ತೆಗೆ ಖಾಸಗಿ ಕಾರು ಬಿಡುವುದಿಲ್ಲ, ಅದಕ್ಕೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಸಾಮಾನ್ಯವಾಗಿ ಇದೇ ಕತೆ. ಝಯಾನ್ ಲಾಡ್ಜ್‌ನಲ್ಲಿ ರೂಮು ಹಿಡಿದವರಿಗೆ ಮಾತ್ರ ಲಾಡ್ಜ್‌ವರೆಗೆ ವಿನಾಯಿತಿ. ಕಿರಿದಾದ ರಸ್ತೆಯಲ್ಲಿ ಕಾರುಗಳು ಕಿಕ್ಕಿರಿದು ನಿಲ್ಲಲು ಜಾಗವೇ ಇಲ್ಲದಂತಾದಾಗ, 2000ನೇ ಇಸವಿಯಲ್ಲಿ ಈ ವ್ಯವಸ್ಥೆ ಶುರುವಾಯಿತು. ಈಗ ಓಡುವುದೆಲ್ಲ ಬ್ಯಾಟರಿ ಬಸ್‌ಗಳು. ಟಿಕೆಟ್ ಇಲ್ಲ, ಬುಕಿಂಗ್ ಇಲ್ಲ.

ಬಸ್‌ಗಳು ಎರಡು ಬಗೆ, ಇದೇ ಹೊಸಬರನ್ನು ತಬ್ಬಿಬ್ಬು ಮಾಡುವುದು. ಒಂದು ಸ್ಪ್ರಿಂಗ್‌ಡೇಲ್ ಊರೊಳಗೆ ಓಡಾಡಿ ಉದ್ಯಾನದ ಬಾಗಿಲಿಗೆ ತಂದು ಬಿಡುತ್ತದೆ. ಅಲ್ಲಿ ಇಳಿದು, ಕಾಲುಸೇತುವೆ ದಾಟಿ, ಶುಲ್ಕ ಕೊಟ್ಟು ಅಥವಾ ಪಾಸ್ ತೋರಿಸಿ ವಿಸಿಟರ್ ಸೆಂಟರ್ ಕಡೆಗೆ ನಡೆದರೆ ಕಣಿವೆಯ ಬಸ್ ಸಿಗುತ್ತದೆ. ಆ ಬಸ್‌ಗೆ ಒಂಬತ್ತು ನಿಲ್ದಾಣ. ನೆನಪಿಡಬೇಕಾದವು ಮೂರು: ಐದನೆಯದು ಝಯಾನ್ ಲಾಡ್ಜ್, ಆರನೆಯದು ಗ್ರಾಟೋ, ಕೊನೆಯ ಒಂಬತ್ತನೆಯದು ಟೆಂಪಲ್ ಆಫ್ ಸಿನಾವಾವಾ. ತುದಿ ಮುಟ್ಟಲು ಮುಕ್ಕಾಲು ಗಂಟೆ. ಬಸ್ಸಿನಲ್ಲಿ ನೀರು ಕುಡಿಯಬಹುದು, ತಿನ್ನುವಂತಿಲ್ಲ.

ವಿಸಿಟರ್ ಸೆಂಟರ್ ಪಾರ್ಕಿಂಗ್ ಸೀಸನ್ನಿನಲ್ಲಿ ಬೆಳಗ್ಗೆ ಎಂಟು, ಎಂಟೂವರೆಗೆಲ್ಲ ತುಂಬುತ್ತದೆ. ತುಂಬಿದ ಮೇಲೆ ಅಲ್ಲೇ ಸುತ್ತು ಹಾಕುತ್ತ ಕಾಯುವುದು ದಂಡ; ವಾಪಸು ಊರಿಗೆ ಬಂದು ದುಡ್ಡು ಕೊಟ್ಟು ನಿಲ್ಲಿಸಿ ಊರಿನ ಬಸ್ ಹಿಡಿಯಿರಿ. ಸ್ಪ್ರಿಂಗ್‌ಡೇಲ್‌ನಲ್ಲೇ ಉಳಿದಿದ್ದರೆ ಕಾರನ್ನು ಹೋಟೆಲ್ಲಿನಿಂದ ಎತ್ತಲೇಬೇಡಿ.

ಕೊನೆಯ ಬಸ್ಸಿನ ಹೊತ್ತು ಋತುವಿಗೆ ತಕ್ಕಂತೆ ಬದಲಾಗುತ್ತದೆ. ನಿಲ್ದಾಣದ ಫಲಕದ ಫೋಟೋ ತೆಗೆದಿಟ್ಟುಕೊಳ್ಳಿ, ಒಳಗೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ತಪ್ಪಿಸಿಕೊಂಡರೆ ಟೆಂಪಲ್ ಆಫ್ ಸಿನಾವಾವಾದಿಂದ ವಿಸಿಟರ್ ಸೆಂಟರ್‌ಗೆ ಕತ್ತಲಲ್ಲಿ ಎಂಟು ಮೈಲಿಯಷ್ಟು ನಡಿಗೆ.

ಏಂಜಲ್ಸ್ ಲ್ಯಾಂಡಿಂಗ್ ಹತ್ತಲು ಪರ್ಮಿಟ್ ಹೇಗೆ ಪಡೆಯುವುದು?

ಏಂಜಲ್ಸ್ ಲ್ಯಾಂಡಿಂಗ್ ಅಂದರೆ ಸರಪಳಿ ಹಿಡಿದು ಹತ್ತುವ ಬಂಡೆಯ ಏಣು. 2022ರ ಏಪ್ರಿಲ್ 1ರಿಂದ ಪರ್ಮಿಟ್ ಇಲ್ಲದೆ ಆ ಸರಪಳಿ ದಾರಿಗೆ ಕಾಲಿಡುವಂತಿಲ್ಲ. ಸಿಗುವುದು ಲಾಟರಿಯಲ್ಲಿ, ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ. ಲಾಟರಿ ಎರಡು.

ಋತುವಿನ ಲಾಟರಿ ವರ್ಷಕ್ಕೆ ನಾಲ್ಕು ಸಲ ತೆರೆಯುತ್ತದೆ, ನೀವು ಬರುವ ತಿಂಗಳಿಗಿಂತ ಸಾಕಷ್ಟು ಮುಂಚೆ. ಏಳು ದಿನ–ವೇಳೆಗಳನ್ನು ಇಷ್ಟದ ಕ್ರಮದಲ್ಲಿ ಕೊಡಬಹುದು. ಅದು ತಪ್ಪಿದರೆ ಹಿಂದಿನ ದಿನದ ಲಾಟರಿ: ಹತ್ತುವ ದಿನದ ಮುನ್ನಾದಿನ ನಡುರಾತ್ರಿ 12:01ರಿಂದ ಮಧ್ಯಾಹ್ನ 3ರವರೆಗೆ ಅರ್ಜಿ, 4 ಗಂಟೆಗೆ ಫಲಿತಾಂಶ. ಎಲ್ಲವೂ ಯೂಟಾದ ಗಡಿಯಾರದ ಪ್ರಕಾರ. ಒಂದು ಅರ್ಜಿಯಲ್ಲಿ ಆರು ಜನರವರೆಗೆ ಸೇರಿಸಬಹುದು. ಅರ್ಜಿಗೆ 6 ಡಾಲರ್, ಸಿಗಲಿ ಬಿಡಲಿ ವಾಪಸು ಬರದು. ಸಿಕ್ಕಿದರೆ ತಲೆಗೆ ಇನ್ನು 3 ಡಾಲರ್. ವೇಳೆಯ ಗುಂಪು ಮೂರು: 9ಕ್ಕೆ ಮುಂಚೆ, 9ರಿಂದ 12, 12ರ ನಂತರ. ವಾರಾಂತ್ಯ ಬಿಟ್ಟು ವಾರದ ನಡುವಿನ ದಿನ, ಅದೂ ಮಧ್ಯಾಹ್ನದ ವೇಳೆ ಕೇಳಿದರೆ ಪೈಪೋಟಿ ಕಮ್ಮಿ. ಅಕ್ಟೋಬರ್‌ನಲ್ಲಿ ಅದು ಒಳ್ಳೆಯ ಉಪಾಯ, ಜುಲೈನಲ್ಲಿ ಅಲ್ಲ.

ಪರ್ಮಿಟ್ ಅನ್ನು ಫೋನಿಗೆ ಇಳಿಸಿಕೊಳ್ಳಿ ಇಲ್ಲವೇ ಪ್ರಿಂಟ್ ತನ್ನಿ. ಮೇಲೆ ರೇಂಜರ್ ಕೇಳಿದಾಗ ನೆಟ್‌ವರ್ಕ್ ಇಲ್ಲ ಅನ್ನುವ ನೆಪ ನಡೆಯದು.

ಅದು ನಿಜಕ್ಕೂ ಅಷ್ಟು ಅಪಾಯಕಾರಿಯೇ?

ಹೌದು. ಜನ ಬಿದ್ದು ಸತ್ತಿದ್ದಾರೆ.

ಗ್ರಾಟೋ ನಿಲ್ದಾಣದಿಂದ ಹೋಗಿಬರಲು 5.4 ಮೈಲಿ, 8.7 ಕಿ.ಮೀ.; ಏರು ಸುಮಾರು 1,488 ಅಡಿ. ಮೊದಲು ನದಿ ದಾಟಿ ಬಿಸಿಲಿನ ಏರುದಾರಿ, ನಂತರ ತಂಪಾದ ರೆಫ್ರಿಜರೇಟರ್ ಕಮರಿ, ಆಮೇಲೆ ವಾಲ್ಟರ್ಸ್ ವಿಗಲ್ಸ್ ಎಂಬ 21 ಕಡಿದಾದ ತಿರುವುಗಳು. ಅವನ್ನು ದಾಟಿದರೆ ಸ್ಕೌಟ್ ಲುಕೌಟ್ ಎಂಬ ಸಮತಟ್ಟು. ಇಲ್ಲಿಯವರೆಗೆ ಪರ್ಮಿಟ್ ಬೇಡ. ಇಲ್ಲಿಂದ ಮುಂದಿನ ಅರ್ಧ ಮೈಲಿಯೇ ಸರಪಳಿ ಹಿಡಿದು ನಡೆಯುವ ಬಂಡೆಯ ಏಣು: ಕೆಲವೆಡೆ ಅಗಲ ಒಂದೆರಡು ಹೆಜ್ಜೆಯಷ್ಟೇ, ಎರಡೂ ಕಡೆ ನೂರಾರು ಅಡಿ ಪ್ರಪಾತ. ಹೋಗುವವರಿಗೂ ಬರುವವರಿಗೂ ಅದೊಂದೇ ದಾರಿ, ಒಂದೇ ಸರಪಳಿ.

ಕಾಲು ಜಾರುವುದು ಎಲ್ಲಿ? ಮರಳುಗಲ್ಲಿನ ಮೇಲೆ ತೆಳುವಾಗಿ ಹರಡಿದ ಸಡಿಲ ಮರಳಿನಲ್ಲಿ, ಮಳೆ ಬಿದ್ದ ಕಲ್ಲಿನ ಮೇಲೆ, ಸವೆದ ಶೂ ತಳದಲ್ಲಿ. ಎದುರಿನವರಿಗೆ ದಾರಿ ಬಿಡಲು ಸರಪಳಿ ಬಿಟ್ಟು ಅಂಚಿನ ಕಡೆಗೆ ಸರಿಯುವುದು ದೊಡ್ಡ ತಪ್ಪು. ಅಗಲವಿರುವಲ್ಲಿ ನಿಂತು, ಅವರು ಬಂದ ಮೇಲೆ ಹೊರಡಿ. ಎರಡು ಕೈಯೂ ಖಾಲಿ ಇರಲಿ, ಫೋನ್ ಚೀಲದಲ್ಲಿರಲಿ. ಗುಡುಗು ಕೇಳಿಸಿದರೆ ಕಬ್ಬಿಣದ ಸರಪಳಿ ಹಿಡಿದು ಏಣಿನ ಮೇಲಿರಬಾರದು. ಚಿಕ್ಕ ಮಕ್ಕಳನ್ನು ಕರೆದೊಯ್ಯಬೇಡಿ. ಸ್ಕೌಟ್ ಲುಕೌಟ್‌ನಲ್ಲಿ ನಿಂತು ಏಣನ್ನು ಐದು ನಿಮಿಷ ನೋಡಿ. ಹೊಟ್ಟೆ ತೊಳಸಿದಂತಾದರೆ ಅಲ್ಲಿಂದಲೇ ಹಿಂತಿರುಗಿ. ನೋಟ ಅಲ್ಲಿಯೂ ಕಮ್ಮಿಯೇನಿಲ್ಲ, ಚಿಪ್‌ಮಂಕ್‌ಗಳ ಕಾಟವೂ.

ಲಾಟರಿ ಹತ್ತಲಿಲ್ಲ. ಬೇರೇನು ಮಾಡಬಹುದು?

ಎತ್ತರದ ನೋಟವೇ ಬೇಕಿದ್ದರೆ ಅಬ್ಸರ್ವೇಷನ್ ಪಾಯಿಂಟ್. ಏಂಜಲ್ಸ್ ಲ್ಯಾಂಡಿಂಗ್‌ನ ತುದಿ 5,790 ಅಡಿ, ಇದು 6,507 ಅಡಿ. ಅಂದರೆ ಆ ಹೆಸರಾಂತ ಏಣನ್ನೇ ಮೇಲಿಂದ ನೋಡಬಹುದು. 2019ರ ಆಗಸ್ಟ್‌ನಲ್ಲಿ ವೀಪಿಂಗ್ ರಾಕ್ ಬಳಿ ಬಂಡೆ ಕುಸಿದ ಮೇಲೆ ಕಣಿವೆಯ ತಳದಿಂದ ಹತ್ತುವ ಹಳೆಯ ದಾರಿ ಮುಚ್ಚಿತು. ಈಗಿನ ದಾರಿ ಪೂರ್ವದ ಮೇಲ್ಭಾಗದಿಂದ, ಈಸ್ಟ್ ಮೇಸಾ ಟ್ರೇಲ್: ಹೋಗಿಬರಲು ಏಳು ಮೈಲಿಯಷ್ಟು, ಬಹುತೇಕ ಸಮತಟ್ಟು. ತೊಡಕು ಟ್ರೇಲಿನದ್ದಲ್ಲ, ಅಲ್ಲಿಗೆ ಮುಟ್ಟಿಸುವ ಮಣ್ಣುರಸ್ತೆಯದು. ಮಳೆ ಬಂದರೆ ಅದು ಕೆಸರಿನ ಹೊಂಡ, ಬಾಡಿಗೆಯ ಸಣ್ಣ ಕಾರು ಹೂತುಹೋಗುತ್ತದೆ. ದುಡ್ಡು ಕೊಟ್ಟರೆ ಅಲ್ಲಿಗೆ ಬಿಟ್ಟು ಬರುವ ವ್ಯಾನ್‌ಗಳಿವೆ.

ಕಡಿಮೆ ಶ್ರಮಕ್ಕೆ ಹೆಚ್ಚು ಫಲ ಕೊಡುವುದು ಕ್ಯಾನಿಯನ್ ಓವರ್‌ಲುಕ್: ಹೋಗಿಬರಲು ಒಂದೇ ಮೈಲಿ. ಉದ್ಯಾನದ ಪೂರ್ವಕ್ಕೆ ಹೋಗುವ ರಸ್ತೆಯಲ್ಲೊಂದು ಸುರಂಗವಿದೆ, ಅದರ ಪೂರ್ವ ತುದಿಯಲ್ಲಿ ಶುರು. ಅಲ್ಲಿಗೆ ಬಸ್ಸಿಲ್ಲ, ನಿಲ್ಲಿಸಲು ಜಾಗ ಬೆರಳೆಣಿಕೆ. ಸೂರ್ಯ ಹುಟ್ಟುವ ಹೊತ್ತಿಗೆ ಹೋದರೆ ಮಾತ್ರ ಸುಲಭ. ಸಂಜೆಗೆ ವಾಚ್‌ಮನ್ ಟ್ರೇಲ್ ಚೆಂದ, 3.3 ಮೈಲಿ, ವಿಸಿಟರ್ ಸೆಂಟರ್‌ನಿಂದಲೇ. ಎಮರಾಲ್ಡ್ ಪೂಲ್ಸ್ ಬಗ್ಗೆ ಅತಿ ನಿರೀಕ್ಷೆ ಬೇಡ. ಹೆಸರಿನಷ್ಟು ಹಸಿರು ಕೊಳಗಳಲ್ಲ ಅವು, ಜೂನ್ ಹೊತ್ತಿಗೆ ಜಲಪಾತ ಹನಿಯಾಗಿರುತ್ತದೆ. ಈಜುವುದೂ ನಿಷೇಧ.

ನ್ಯಾರೋಸ್‌ನಲ್ಲಿ ನಡೆಯಲು ಏನೇನು ಬೇಕು?

ನ್ಯಾರೋಸ್‌ನಲ್ಲಿ ದಾರಿ ಅನ್ನುವುದೇ ಇಲ್ಲ, ನದಿಯೇ ದಾರಿ. ಕೊನೆಯ ಬಸ್ ನಿಲ್ದಾಣದಿಂದ ಒಂದು ಮೈಲಿಯ ಸಿಮೆಂಟಿನ ರಿವರ್‌ಸೈಡ್ ವಾಕ್ ಮುಗಿದ ಕಡೆ ನೀರಿಗೆ ಇಳಿಯುವುದು. ಕೆಳಗಿನಿಂದ ಮೇಲಕ್ಕೆ, ಬಿಗ್ ಸ್ಪ್ರಿಂಗ್ಸ್ ತನಕ, ಪರ್ಮಿಟ್ ಬೇಡ. ಅಷ್ಟೂ ಹೋಗಿ ಬಂದರೆ ಒಂಬತ್ತೂವರೆ ಮೈಲಿಯಷ್ಟು, ಪೂರ್ತಿ ಒಂದು ದಿನ. ಮೇಲಿನ ಚೇಂಬರ್ಲಿನ್ಸ್ ರಾಂಚ್‌ನಿಂದ ಕೆಳಕ್ಕೆ ಬರುವ 16 ಮೈಲಿಯ ನಡಿಗೆಗೆ ಪರ್ಮಿಟ್ ಕಡ್ಡಾಯ, ಅದು ಪಳಗಿದವರಿಗೆ.

ಹೆಚ್ಚಿನವರ ಗುರಿ ವಾಲ್ ಸ್ಟ್ರೀಟ್ ಎಂಬ ಅತಿ ಇಕ್ಕಟ್ಟಿನ ಭಾಗ. ಆರ್ಡರ್‌ವಿಲ್ ಕಣಿವೆ ಬಂದು ಸೇರುವ ಜಾಗದ ಆಚೀಚೆ, ಬಸ್ ನಿಲ್ದಾಣದಿಂದ ಎರಡೂವರೆ ಮೂರು ಮೈಲಿ. ನೀರಿನಲ್ಲಿ, ಕಣ್ಣಿಗೆ ಕಾಣದ ಉರುಟು ಕಲ್ಲುಗಳ ಮೇಲೆ, ಗಂಟೆಗೆ ಒಂದು ಮೈಲಿ ನಡೆದರೆ ಹೆಚ್ಚು. ಆದ್ದರಿಂದ ದೂರವನ್ನು ಗುರಿಯಾಗಿಟ್ಟುಕೊಳ್ಳದೆ ಹಿಂತಿರುಗುವ ಹೊತ್ತು ಗೊತ್ತುಮಾಡಿ. ಎಂಟಕ್ಕೆ ಇಳಿದರೆ ಹನ್ನೊಂದೂವರೆಗೆ ಎಲ್ಲಿದ್ದೀರೋ ಅಲ್ಲಿಂದ ವಾಪಸು.

ನದಿಯ ಹರಿವು 150 ಕ್ಯೂಸೆಕ್ ದಾಟಿದರೆ ನ್ಯಾರೋಸ್ ಮುಚ್ಚುತ್ತಾರೆ. ಅಣೆಕಟ್ಟೆಯ ಸುದ್ದಿ ಓದುವವರಿಗೆ 150 ಕ್ಯೂಸೆಕ್ ಏನೇನೂ ಅಲ್ಲ ಅನ್ನಿಸಬಹುದು. ಇಪ್ಪತ್ತು ಮೂವತ್ತು ಅಡಿ ಅಗಲದ ಓಣಿಯಲ್ಲಿ ಅದೇ ನೀರು ತೊಡೆಮಟ್ಟದಲ್ಲಿ ತಳ್ಳುವಾಗ ಲೆಕ್ಕ ಬೇರೆ. ಐವತ್ತರ ಆಸುಪಾಸಿದ್ದರೆ ಹೊಸಬರಿಗೆ ಆರಾಮ, ನೂರು ದಾಟಿದರೆ ಕಷ್ಟ. ಆ ದಿನದ ಅಂಕಿ ವಿಸಿಟರ್ ಸೆಂಟರ್‌ನಲ್ಲಿ ಸಿಗುತ್ತದೆ.

ಕಾಲಿಗೆ: ಬೆರಳು ಮುಚ್ಚುವ, ಬಿಗಿಯಾಗಿ ಲೇಸ್ ಕಟ್ಟುವ ಗಟ್ಟಿ ಶೂ. ಚಪ್ಪಲಿ, ಸ್ಯಾಂಡಲ್ ಹಾಕಿಕೊಂಡವರ ಹೆಬ್ಬೆರಳು ಮೊದಲ ಅರ್ಧ ಗಂಟೆಯಲ್ಲೇ ಕಲ್ಲಿಗೆ ಬಡಿಯುತ್ತದೆ. ಸ್ಪ್ರಿಂಗ್‌ಡೇಲ್‌ನಲ್ಲಿ ನೀರಿನ ಶೂ, ನಿಯೋಪ್ರೀನ್ ಸಾಕ್ಸ್, ಎದೆಯೆತ್ತರದ ಮರದ ಕೋಲು ಸೇರಿಸಿ ಬಾಡಿಗೆಗೆ ಕೊಡುತ್ತಾರೆ. ಇಲ್ಲಿ ಜಿಪುಣತನ ಬೇಡ. ಕೋಲನ್ನು ಪ್ರವಾಹದ ಎದುರು ದಿಕ್ಕಿಗೆ ಊರಿ, ಅದು ನೆಲೆ ನಿಂತ ಮೇಲೆ ಕಾಲು ಎತ್ತಬೇಕು. ಜೀನ್ಸ್ ಬೇಡ, ನೆನೆದರೆ ಭಾರ, ಒಣಗದು. ಹೊರಗೆ 38 ಡಿಗ್ರಿ ಇದ್ದರೂ ಕಮರಿಯೊಳಗೆ ನೆರಳು, ತಣ್ಣೀರು, ಗಾಳಿ. ಬೇಸಿಗೆಯಲ್ಲೂ ಜನ ನಡುಗುತ್ತಾರೆ. ಬೇಸಿಗೆ ಮುಗಿದ ಮೇಲೆ ಬಂದರೆ ನೀರು ಒಳಬಿಡದ ಪ್ಯಾಂಟ್ ಬಾಡಿಗೆಗೆ ತೆಗೆದುಕೊಳ್ಳಿ. ನಿಲ್ದಾಣದಿಂದ ಮೇಲೆ ಶೌಚಾಲಯವಿಲ್ಲ, ಅಲ್ಲೇ ಮುಗಿಸಿಕೊಂಡು ಹೋಗಿ.

ಇನ್ನೊಂದು ಮಾತು. 2020ರಿಂದ ಈ ನದಿಯಲ್ಲಿ ಸಯಾನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಯ ವಿಷ ಪತ್ತೆಯಾಗುತ್ತ ಬಂದಿದೆ. ನಡೆದರೆ ತೊಂದರೆ ಇಲ್ಲ. ತಲೆ ಮುಳುಗಿಸಬೇಡಿ, ಬಾಯಿಗೆ ಹೋಗದಂತೆ ನೋಡಿಕೊಳ್ಳಿ, ಮಕ್ಕಳು ಕಲ್ಲಿಗಂಟಿದ ಪಾಚಿ ಮುಟ್ಟದಿರಲಿ. ಟ್ರೆಕ್ಕಿಂಗ್‌ನ ಫಿಲ್ಟರ್ ಈ ವಿಷವನ್ನು ತಡೆಯುತ್ತದೆ ಎಂದು ನಂಬಿ ನದಿ ನೀರು ಕುಡಿಯಬೇಡಿ.

ಆಕಾಶ ನೀಲಿಯಾಗಿದ್ದರೆ ಪ್ರವಾಹದ ಭಯವಿಲ್ಲ ಅಲ್ಲವೇ?

ತಲೆಯ ಮೇಲಿನ ಆಕಾಶ ಇಲ್ಲಿ ಏನನ್ನೂ ಹೇಳುವುದಿಲ್ಲ. ಮೈಲಿಗಟ್ಟಲೆ ದೂರದ ಪ್ರಸ್ಥಭೂಮಿಯ ಮೇಲೆ ಬಿದ್ದ ಮಳೆ ಕಮರಿಗೆ ಬರುತ್ತದೆ. ಅಲ್ಲಿನ ನೆಲ ಬೋಳು ಬಂಡೆ. ಹೀರಿಕೊಳ್ಳಲು ಮಣ್ಣಿಲ್ಲ, ತಡೆಯಲು ಗಿಡವಿಲ್ಲ. ಬಿದ್ದದ್ದೆಲ್ಲ ಜಾರಿ ಹಳ್ಳಗಳಿಗೆ ಸೇರಿ, ಹಳ್ಳಗಳು ಕೂಡಿ, ಇಪ್ಪತ್ತು ಅಡಿಯ ಓಣಿಗೆ ನುಗ್ಗುತ್ತದೆ. ಪಾದ ಮುಳುಗುವಷ್ಟಿದ್ದ ನೀರು ನಿಮಿಷಗಳಲ್ಲಿ ಆಳೆತ್ತರವಾಗಬಹುದು. ಜೊತೆಗೆ ಬರುವ ಮರದ ದಿಮ್ಮಿಗಳೂ ಕಲ್ಲುಗಳೂ ನೀರಿಗಿಂತ ಕ್ರೂರ. 2015ರ ಸೆಪ್ಟೆಂಬರ್ 14ರಂದು ಇದೇ ಉದ್ಯಾನದ ಕೀಹೋಲ್ ಕಣಿವೆಯಲ್ಲಿ ಏಳು ಮಂದಿ ಹೀಗೇ ಕೊಚ್ಚಿಹೋದರು.

ರಾಷ್ಟ್ರೀಯ ಹವಾಮಾನ ಸೇವೆ ಪ್ರತಿದಿನ ಪ್ರವಾಹದ ಸಂಭವವನ್ನು ನಾಲ್ಕು ಹಂತಗಳಲ್ಲಿ ಕೊಡುತ್ತದೆ: ನಿರೀಕ್ಷೆಯಿಲ್ಲ, ಆಗಬಹುದು, ಆಗುವ ಸಂಭವ ಹೆಚ್ಚು, ಆಗುವುದು ಖಚಿತವೆಂಬಷ್ಟು. ಎರಡನೇ ಹಂತದಲ್ಲೇ ಮಕ್ಕಳಿರುವವರು ಕಮರಿ ಬಿಟ್ಟು ಬೇರೆ ದಾರಿ ನೋಡುವುದು ಲೇಸು; ಮೂರು ನಾಲ್ಕಾದರೆ ಯಾರೂ ಇಳಿಯಬಾರದು. ಪ್ರವಾಹದ ಎಚ್ಚರಿಕೆ ಹೊರಟರೆ ನ್ಯಾರೋಸ್ ಮುಚ್ಚುತ್ತಾರೆ, ಆದರೆ ಆಗಲೇ ಒಳಗಿರುವವರಿಗೆ ಆ ಸುದ್ದಿ ಮುಟ್ಟುವ ದಾರಿಯಿಲ್ಲ.

ಒಳಗಿರುವಾಗ ಗಮನಿಸಬೇಕಾದ್ದು ಇಷ್ಟು: ತಿಳಿನೀರು ಕೆಂಪಗೆ ಕದಡುವುದು, ಕಡ್ಡಿ ಎಲೆ ತೇಲಿ ಬರುವುದು, ಸೆಳೆತ ಜೋರಾಗುವುದು, ಮೇಲ್ಗಡೆಯಿಂದ ರೈಲು ಬಂದಂಥ ಮೊರೆತ. ಒಂದು ಕಂಡರೂ ಫೋಟೋ ತೆಗೆಯುತ್ತ ನಿಲ್ಲಬೇಡಿ, ಕೆಳಗಡೆಗೆ ಓಡಿ ಗೆಲ್ಲುತ್ತೇನೆಂದೂ ನೋಡಬೇಡಿ. ಹತ್ತಿರದ ಎತ್ತರದ ಕಟ್ಟೆ ಹತ್ತಿ. ಕೆಲವೇ ಅಡಿ ಮೇಲಿದ್ದರೂ ಜೀವ ಉಳಿಯಬಹುದು. ಹತ್ತಿದ ಮೇಲೆ ನೀರು ಇಳಿಯುವ ತನಕ ಅಲ್ಲೇ ಇರಿ. ಸಾಮಾನ್ಯವಾಗಿ 24 ಗಂಟೆಯೊಳಗೆ ಇಳಿಯುತ್ತದೆ. ಒಂದು ರಾತ್ರಿ ಚಳಿಯಲ್ಲಿ ಕೂರಬೇಕಾಗಬಹುದು ಎಂದೇ ಚೀಲದಲ್ಲಿ ಬೆಚ್ಚನೆಯ ಒಣಬಟ್ಟೆ, ಟಾರ್ಚ್, ತಿಂಡಿ ಇರಬೇಕು.

ದಿನಕ್ಕೆ ಎಷ್ಟು ನೀರು ಒಯ್ಯಬೇಕು?

ಒಬ್ಬರಿಗೆ ಒಂದು ಗ್ಯಾಲನ್, ಸುಮಾರು ನಾಲ್ಕು ಲೀಟರ್. ವಿಸಿಟರ್ ಸೆಂಟರ್, ಲಾಡ್ಜ್, ಗ್ರಾಟೋ, ಟೆಂಪಲ್ ಆಫ್ ಸಿನಾವಾವಾ ನಿಲ್ದಾಣಗಳಲ್ಲಿ ನಲ್ಲಿಗಳಿವೆ, ಹತ್ತುವ ದಾರಿಗಳಲ್ಲಿ ಒಂದೂ ಇಲ್ಲ. ಅರ್ಧ ಖಾಲಿಯಾದಾಗ ಗುರಿ ಎಷ್ಟೇ ಹತ್ತಿರವಿದ್ದರೂ ಹಿಂತಿರುಗಿ. ಮರುಭೂಮಿಯ ಒಣ ಗಾಳಿಯಲ್ಲಿ ಬೆವರು ಬಂದದ್ದೇ ಆರುತ್ತದೆ, ಹಾಗಾಗಿ ಬೆವರುತ್ತಿಲ್ಲ ಅನ್ನಿಸುತ್ತದೆ. ಬರೀ ನೀರು ಕುಡಿಯುತ್ತ ಏನೂ ತಿನ್ನದಿದ್ದರೆ ಮೈಯ ಉಪ್ಪು ತೆಳುವಾಗಿ ತಲೆನೋವು, ವಾಕರಿಕೆ, ಮಂಕು. ಅದನ್ನು ಬಿಸಿಲಿನ ಆಯಾಸವೆಂದು ತಿಳಿದು ಇನ್ನಷ್ಟು ನೀರು ಕುಡಿದರೆ ಕೆಡುವುದು ಹೆಚ್ಚು. ಉಪ್ಪು ಹಾಕಿದ ಕಡಲೆ, ಚಿಪ್ಸ್, ಓಆರ್‌ಎಸ್ ಪುಡಿ ಜೊತೆಗಿರಲಿ. ಬೇಸಿಗೆಯಲ್ಲಿ ಏರುದಾರಿಗಳನ್ನು ಹತ್ತು ಗಂಟೆಯೊಳಗೆ ಮುಗಿಸಿ, ಉರಿಬಿಸಿಲನ್ನು ಲಾಡ್ಜ್ ಮುಂದಿನ ಮರದಡಿ ಕಳೆಯಿರಿ.

ಸುರಂಗದ ಬಗ್ಗೆ ಏನೋ ನಿರ್ಬಂಧ ಇದೆಯಂತೆ?

1930ರಲ್ಲಿ ಮುಗಿದ ಝಯಾನ್–ಮೌಂಟ್ ಕಾರ್ಮೆಲ್ ಸುರಂಗ 1.1 ಮೈಲಿ ಉದ್ದ, ಆ ಕಾಲದ ಸಣ್ಣ ಕಾರುಗಳ ಅಳತೆಗೆ ಕೊರೆದದ್ದು. ಮಾಮೂಲಿ ಕಾರು, ಎಸ್‌ಯುವಿಗಳಿಗೆ ಯಾವ ತಕರಾರೂ ಇಲ್ಲ. ಎತ್ತರ 11 ಅಡಿ 4 ಇಂಚು ಅಥವಾ ಅಗಲ 7 ಅಡಿ 10 ಇಂಚು ಮುಟ್ಟುವ ಮೋಟಾರ್‌ಹೋಮ್ ತನ್ನ ಸಾಲಿನಲ್ಲಿ ಹಿಡಿಸುವುದಿಲ್ಲ. ಮೊದಲು ಎದುರಿನ ವಾಹನಗಳನ್ನು ತಡೆದು ದುಡ್ಡು ಪಡೆದು ಬಿಡುತ್ತಿದ್ದರು. 2026ರ ಮಧ್ಯದಿಂದ ಇಂಥ ದೊಡ್ಡ ವಾಹನಗಳನ್ನು ಈ ರಸ್ತೆಯಿಂದಲೇ ಹೊರಗಿಡುವ ತೀರ್ಮಾನವಾಗಿದೆ. ಮೋಟಾರ್‌ಹೋಮ್ ಬಾಡಿಗೆಗೆ ಹಿಡಿಯುವ ಮೊದಲೇ ಅಳತೆ ಕೇಳಿ. ಕನ್ನಡಿ, ಮೇಲಿನ ಎಸಿ ಎಲ್ಲ ಸೇರಿಸಿ. ಸುರಂಗದಲ್ಲಿ ನಡೆಯುವಂತಿಲ್ಲ, ಸೈಕಲ್ ಓಡಿಸುವಂತಿಲ್ಲ.

ಉಳಿದುಕೊಳ್ಳುವುದು?

ಒಳಗೆ ಇರುವ ಹೋಟೆಲ್ ಝಯಾನ್ ಲಾಡ್ಜ್ ಒಂದೇ, ತಿಂಗಳುಗಟ್ಟಲೆ ಮೊದಲೇ ತುಂಬುತ್ತದೆ. ವಾಚ್‌ಮನ್ ಕ್ಯಾಂಪ್‌ಗ್ರೌಂಡ್ ಬುಕಿಂಗ್ ಆರು ತಿಂಗಳ ಮುಂಚೆ ತೆರೆಯುತ್ತದೆ. ತೆರೆದ ದಿನವೇ ಕೂತು ಹಿಡಿಯಬೇಕು. ಉಳಿದವರಿಗೆ ಸ್ಪ್ರಿಂಗ್‌ಡೇಲ್. ಹರಿಕೇನ್, ಸೇಂಟ್ ಜಾರ್ಜ್ ಊರುಗಳಲ್ಲಿ ಬಾಡಿಗೆ ಇಳಿಯುತ್ತದೆ, ಬದಲಿಗೆ ಬೆಳಗಿನ ನಿದ್ದೆ ಹೋಗುತ್ತದೆ.

ವಯಸ್ಸಾದವರು, ಪುಟ್ಟ ಮಕ್ಕಳು ಜೊತೆಗಿದ್ದಾರೆ. ಅವರಿಗೆ ಏನಿದೆ?

ಬಸ್ ಸವಾರಿಯೇ ಅರ್ಧ ಪ್ರವಾಸ. ಮೇಲಿನ ಕಿಟಕಿಯಿಂದ ಬಂಡೆಗೋಡೆಗಳು ಕಾಣುತ್ತವೆ, ಗಾಲಿಕುರ್ಚಿ ಹತ್ತಿಸುವ ವ್ಯವಸ್ಥೆಯೂ ಇದೆ. ರಿವರ್‌ಸೈಡ್ ವಾಕ್ ಹೋಗಿಬರಲು 2.2 ಮೈಲಿ, ಹೆಚ್ಚು ಏರಿಲ್ಲ, ಉದ್ದಕ್ಕೂ ನದಿ; ಗಾಲಿಕುರ್ಚಿಗೆ ಮೊದಲ ಭಾಗ ಮಾತ್ರ ಸುಲಭ. ಪಾರೂಸ್ ಟ್ರೇಲ್ ಅಗಲವಾಗಿದೆ, ನುಣುಪಾಗಿದೆ, ಆದರೆ ನೆರಳಿಲ್ಲ, ಸಂಜೆಗೆ ಇಟ್ಟುಕೊಳ್ಳಿ. ಇಡೀ ಉದ್ಯಾನದಲ್ಲಿ ನಾಯಿ ಕರೆದೊಯ್ಯಲು ಬಿಡುವ ಟ್ರೇಲ್ ಅದೊಂದೇ. ಬಸ್ಸಿಗೂ ನಾಯಿ ಹತ್ತಿಸುವುದಿಲ್ಲ.

ಡ್ರೋನ್ ಹಾರಿಸಬಹುದೇ? ಅಳಿಲಿಗೆ ತಿಂಡಿ ಕೊಡಬಹುದೇ?

ಎರಡೂ ಕಾನೂನುಬಾಹಿರ. ಅಳಿಲುಗಳು ಕೈಯನ್ನೇ ಕಚ್ಚುತ್ತವೆ, ಚೀಲದ ಜಿಪ್ ತೆಗೆಯುವುದನ್ನೂ ಕಲಿತಿವೆ.

ಮರುಭೂಮಿಯ ಬಂಡೆಯಿಂದ ನೀರು ಸುರಿಯುವುದು ಹೇಗೆ?

ಎದುರಿಗೆ ಕಾಣುವ ಎತ್ತರದ ಗೋಡೆಗಳು ನವಾಹೋ ಮರಳುಗಲ್ಲು: ಸುಮಾರು 18 ಕೋಟಿ ವರ್ಷಗಳ ಹಿಂದಿನ ಮರಳು ದಿಬ್ಬಗಳು ಗಟ್ಟಿಯಾದದ್ದು, ಕೆಲವೆಡೆ 2,000 ಅಡಿ ದಪ್ಪ. ಕಬ್ಬಿಣದ ತುಕ್ಕೇ ಆ ಕೆಂಪು. ಚೆಕರ್‌ಬೋರ್ಡ್ ಮೇಸಾ ಎಂಬ ಗುಡ್ಡದ ಓರೆಗೆರೆಗಳು ಗಾಳಿ ಅಂದು ಮರಳು ಪೇರಿಸಿದ ಗುರುತು. ಮರಳುಗಲ್ಲು ಸ್ಪಂಜಿನಂತೆ ಮಳೆನೀರು ಹೀರಿ ನಿಧಾನಕ್ಕೆ ಕೆಳಗಿಳಿಸುತ್ತದೆ. ಅದರಡಿಯ ಕಾಯೆಂಟಾ ಪದರ ಜೇಡಿಗಲ್ಲಿನದು, ನೀರು ಬಿಡದು. ಇಳಿದ ನೀರು ಅಲ್ಲಿ ಅಡ್ಡಕ್ಕೆ ತಿರುಗಿ ಗೋಡೆಯಿಂದ ಒಸರುತ್ತದೆ. ವೀಪಿಂಗ್ ರಾಕ್‌ನಲ್ಲಿ ತಲೆಗೆ ಹನಿಯುವುದು ಸಾವಿರ ವರ್ಷಕ್ಕೂ ಹಿಂದೆ ಮಳೆಯಾಗಿ ಬಿದ್ದದ್ದು. ಒಸರುವ ಗೆರೆಯುದ್ದಕ್ಕೂ ಜರೀಗಿಡಗಳ ತೂಗುತೋಟ.

ಇರುವುದು ಒಂದೇ ದಿನ. ಹೇಗೆ ಹಂಚುವುದು?

ಮೊದಲ ಬಸ್ ಹಿಡಿಯಿರಿ. ಗ್ರಾಟೋದಲ್ಲಿ ಇಳಿದು ಸ್ಕೌಟ್ ಲುಕೌಟ್ ಹತ್ತಿ, ಹತ್ತೂವರೆಗೆ ಕೆಳಗಿರಿ. ಲಾಡ್ಜ್‌ನಲ್ಲಿ ಊಟ, ನೆರಳು. ಮಧ್ಯಾಹ್ನ ಮೋಡವಿಲ್ಲದೆ, ಪ್ರವಾಹದ ಹಂತ ಮೊದಲನೆಯದೇ ಆಗಿದ್ದರೆ ಕೊನೆಯ ನಿಲ್ದಾಣಕ್ಕೆ ಹೋಗಿ ರಿವರ್‌ಸೈಡ್ ವಾಕ್ ಮುಗಿಸಿ, ನದಿಯಲ್ಲಿ ಒಂದು ಗಂಟೆ ಮೇಲಕ್ಕೆ ನಡೆದು ಹಿಂತಿರುಗಿ. ಸಂಜೆ ಕಾರು ತೆಗೆದುಕೊಂಡು ಸುರಂಗದಾಚೆ ಪೂರ್ವ ಭಾಗಕ್ಕೆ. ಜುಲೈ, ಆಗಸ್ಟ್‌ನಲ್ಲಾದರೆ ಈ ಕ್ರಮ ತಿರುಗಿಸಿ: ಗುಡುಗು ಬರುವುದು ಮಧ್ಯಾಹ್ನ, ಆದ್ದರಿಂದ ನದಿ ಬೆಳಗ್ಗೆಯೇ ಮುಗಿಯಲಿ, ಏರುದಾರಿಯನ್ನು ಬಿಟ್ಟುಬಿಡಿ. ಪೂರ್ವ ಭಾಗದಲ್ಲಿ ಬೆಟ್ಟದ ಕುರಿಗಳು ರಸ್ತೆಗೇ ಇಳಿಯುತ್ತವೆ, ತಿರುವಿನಲ್ಲಿ ನಿಧಾನ.